ಪಾಸ್‌ಪೋರ್ಟಿನ ಬಣ್ಣ

ಕುವೈತಿನಲ್ಲಿ ವಾಸವಿರುವ ಪ್ರತಿಯೊಬ್ಬರ ಹತ್ತಿರವೂ ಒಂದು ಸಿವಿಲ್ ಐಡಿ ಇರುತ್ತದೆ. ಅದರ ಮೇಲೆ ಅಚ್ಚಾದ ಸಂಖ್ಯೆಗೆ ಹನ್ನೆರಡು ಅಂಕಿ. ಮೊದಲನೆಯದು 2 ಆಗಿದ್ದರೆ ಆ ವ್ಯಕ್ತಿ ಕಳೆದ ಶತಮಾನದಲ್ಲಿ ಹುಟ್ಟಿದವರು, 3 ಆಗಿದ್ದರೆ 2000ದಿಂದ ಈಚೆಗೆ. ಆಮೇಲಿನ ಆರು ಅಂಕಿ ಹುಟ್ಟಿದ ವರ್ಷ, ತಿಂಗಳು, ದಿನ. ಉಳಿದ ಐದು ಗಣಕದ ಲೆಕ್ಕಕ್ಕೆ. ಮಂತ್ರಿಯ ಸಂಖ್ಯೆಗೂ ಆ ಮಂತ್ರಿಯ ಕಚೇರಿಯಲ್ಲಿ ನೆಲ ಒರೆಸುವವನ ಸಂಖ್ಯೆಗೂ ರಚನೆ ಒಂದೇ. ಯಾರು ಯಾವ ದೇಶದವರೆಂಬ ಸುಳಿವು ಅದರಲ್ಲಿ ಎಲ್ಲೂ ಇಲ್ಲ. ಆ ಸುಳಿವು ಇರುವುದು ಸಂಖ್ಯೆಯ ಹೊರಗೆ, ಮೂರು ಇಂಗ್ಲಿಷ್ ಅಕ್ಷರಗಳಲ್ಲಿ. ನಮ್ಮವರ ಕಾರ್ಡಿನಲ್ಲಿ ಅದು ಐ, ಎನ್, ಡಿ. ಹನ್ನೆರಡು ಅಂಕಿಗಳು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಈ ಮೂರು ಅಕ್ಷರಗಳು ಆ ಸಾಲನ್ನು ಮೇಲೆ ಕೆಳಗೆ ಜೋಡಿಸುತ್ತವೆ. ಕುವೈತಿನ ತಂತ್ರಜ್ಞಾನ ವೃತ್ತಿಯಲ್ಲಿ ಈ ಜೋಡಣೆ ಹೇಗೆ ನಡೆಯುತ್ತದೆ, ಅದರಿಂದ ಯಾರಿಗೆ ಏನು ನಷ್ಟ ಎಂಬುದು ಇವತ್ತಿನ ವಿಚಾರ.

ತಂತ್ರಜ್ಞಾನ ಕ್ಷೇತ್ರದಲ್ಲಿ ಜನಾಂಗೀಯ ವೈವಿಧ್ಯ ಎಂಬ ಮಾತು ನಮ್ಮ ಕಿವಿಗೆ ಬಿದ್ದದ್ದು ಅಮೆರಿಕದ ಕಡೆಯಿಂದ. 2014ರಲ್ಲಿ ಗೂಗಲ್ ಕಂಪನಿ ತನ್ನ ನೌಕರರ ಲೆಕ್ಕವನ್ನು ಮೊದಲ ಬಾರಿ ಬಿಚ್ಚಿಟ್ಟಾಗ, ಅಮೆರಿಕದಲ್ಲಿರುವ ಅದರ ನೌಕರರಲ್ಲಿ ಬಿಳಿಯರು ನೂರಕ್ಕೆ 61, ಏಷ್ಯಾ ಮೂಲದವರು 30, ಹಿಸ್ಪಾನಿಕರು 3, ಕಪ್ಪು ಜನ 2 ಎಂದು ಗೊತ್ತಾಯಿತು. ದೊಡ್ಡ ಗದ್ದಲವಾಯಿತು, ಮಿಕ್ಕ ಕಂಪನಿಗಳೂ ಲೆಕ್ಕ ಕೊಡತೊಡಗಿದವು. ಅಂದಿನಿಂದ ವೈವಿಧ್ಯವೆಂದರೆ ತಲೆ ಎಣಿಸುವ ಕೆಲಸ ಎಂಬ ಅಭ್ಯಾಸ ಬಂದುಬಿಟ್ಟಿದೆ. ಆ ಅಳತೆಗೋಲನ್ನು ಕುವೈತಿಗೆ ಹಿಡಿದರೆ ಮೊದಲ ಬಹುಮಾನ ಈ ಊರಿಗೇ ಸಲ್ಲಬೇಕು. ಸುಮಾರು 50 ಲಕ್ಷ ಜನರ ದೇಶದಲ್ಲಿ ಕುವೈತಿಗಳು 15 ಲಕ್ಷ ಚಿಲ್ಲರೆ. ಭಾರತೀಯರೇ 10 ಲಕ್ಷದಷ್ಟು. ಕುವೈತ್ ನಗರದ ಶರ್ಖ್‌ನ ಗಾಜಿನ ಕಟ್ಟಡಗಳಲ್ಲಿ ಒಂದು ಸಾಫ್ಟ್‌ವೇರ್ ತಂಡವನ್ನು ನೋಡಿದರೆ ಮಲಯಾಳಿ ಡೇಟಾಬೇಸ್ ನೋಡಿಕೊಳ್ಳುತ್ತಿರುತ್ತಾನೆ, ಈಜಿಪ್ಟಿನವನು ಗಿರಾಕಿಯೊಡನೆ ಅರಬಿಯಲ್ಲಿ ಮಾತಾಡುತ್ತಿರುತ್ತಾನೆ, ಲೆಬನಾನಿನವನು ಮಾರಾಟಕ್ಕೆ, ಫಿಲಿಪ್ಪೀನ್ಸ್‌ನವಳು ಹೆಲ್ಪ್‌ಡೆಸ್ಕಿಗೆ, ಉಡುಪಿಯವನು ನೆಟ್‌ವರ್ಕಿಗೆ. ಸಹಿ ಹಾಕುವ ಕುರ್ಚಿ ಕುವೈತಿಯದು. ಇಷ್ಟು ಬಗೆಯ ಜನ ಒಂದೇ ಮೇಜಿನ ಸುತ್ತ ಕೂತದ್ದನ್ನು ಕ್ಯಾಲಿಫೋರ್ನಿಯಾದ ಎಷ್ಟೋ ಕಚೇರಿಗಳು ಕಂಡಿರಲಾರವು. ಹಾಗಿದ್ದೂ ಇದನ್ನು ವೈವಿಧ್ಯದ ಮಾದರಿ ಎಂದು ಯಾರೂ ಹೊಗಳುವುದಿಲ್ಲ, ಕುವೈತ್ ತಾನೂ ಹೇಳಿಕೊಳ್ಳುವುದಿಲ್ಲ. ಯಾಕೆ? ತಲೆ ಎಣಿಸಿದರೆ ಸಿಗದ ಯಾವುದೋ ಒಂದು ವಸ್ತು ಇಲ್ಲಿ ಕಾಣೆಯಾಗಿದೆ. ಅದಕ್ಕೆ ನಾನು ‘ಪಾಲು’ ಎಂಬ ಹಳೆಯ ಕನ್ನಡ ಪದವನ್ನೇ ಬಳಸುತ್ತೇನೆ. ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವ ಬಲ, ಕೆಲಸ ಹೋದರೂ ಊರಲ್ಲಿ ಉಳಿಯುವ ಬಲ, ತಾನು ಕಟ್ಟಿದ್ದರ ಬಗ್ಗೆ ಮಾತಾಡುವ ಬಲ, ಇವು ಮೂರೂ ಸೇರಿದರೆ ಪಾಲು. ಕುವೈತಿನ ತಂತ್ರಜ್ಞಾನ ವೃತ್ತಿ ಜಗತ್ತಿನಲ್ಲೇ ಅತಿ ಹೆಚ್ಚು ಬೆರೆತದ್ದು, ಅಷ್ಟೇ ಕಡಿಮೆ ಹಂಚಿಕೊಂಡದ್ದು ಎಂಬುದು ನನ್ನ ವಾದ.

ಮೊದಲೇ ಒಂದು ಆಕ್ಷೇಪವನ್ನು ಎದುರಿಸಬೇಕು. ತಿಂಗಳಿಗೆ ಏಳೆಂಟು ನೂರು ದಿನಾರ್ ಎಣಿಸುವ ಸಾಫ್ಟ್‌ವೇರಿನವರ ಅಳಲನ್ನು ಕೇಳಬೇಕೇ? 2024ರ ಜೂನ್ 12ರ ಬೆಳಗಿನ ಜಾವ ಮಂಗಫ್‌ನ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು 45 ಭಾರತೀಯರು ಸತ್ತ ಊರಿನಲ್ಲಿ ಎಸಿ ಕೋಣೆಯ ಸಂಕಟ ಯಾವ ಲೆಕ್ಕ? ಈ ಮಾತಿಗೆ ತೂಕವಿದೆ, ತಳ್ಳಿಹಾಕಲಾರೆ. ಆದರೆ ಕಾರ್ಮಿಕನನ್ನೂ ತಂತ್ರಜ್ಞನನ್ನೂ ಈ ನೆಲದಲ್ಲಿ ನಿಲ್ಲಿಸುವ ಕಾಗದ ಒಂದೇ. ಖಾಸಗಿ ಕೆಲಸದ ಅಕಾಮಾ, ಎಂದರೆ ವಾಸದ ಪರವಾನಗಿ, ಎಲ್ಲರ ಬಾಯಲ್ಲಿ ‘ಆರ್ಟಿಕಲ್ 18’. ಓದು, ಇಂಗ್ಲಿಷ್, ಸಂಬಳ, ಬೇಡಿಕೆ ಎಲ್ಲವೂ ಇರುವ ಮನುಷ್ಯನಿಗೇ ಆ ಕಾಗದ ಇಷ್ಟು ಬಿಗಿಯಾಗಿದ್ದರೆ, ಅದು ಯಾವುದೂ ಇಲ್ಲದವನಿಗೆ ಎಷ್ಟು ಬಿಗಿ ಎಂದು ಊಹಿಸಬಹುದು.

ದೇಶ ನೋಡಿ ಜನರನ್ನು ಮೇಲೆ ಕೆಳಗೆ ಜೋಡಿಸುವ ಈ ಶ್ರೇಣಿಗೆ ಒಂದು ಹುಟ್ಟೂರಿದೆ, ಅಹಮದಿ. ಕುವೈತ್ ಆಯಿಲ್ ಕಂಪನಿಗೆ 1934ರ ಡಿಸೆಂಬರಿನಲ್ಲಿ ಎಣ್ಣೆಯ ಹಕ್ಕು ಸಿಕ್ಕಿತು, 1938ರಲ್ಲಿ ಬುರ್ಗಾನಿನಲ್ಲಿ ಎಣ್ಣೆ ಕಂಡಿತು, ಯುದ್ಧ ಮುಗಿದು 1946ರಲ್ಲಿ ಮೊದಲ ಹಡಗು ಹೊರಟಿತು. ಅದರ ಬೆನ್ನಿಗೇ ಮರಳಿನ ದಿಣ್ಣೆಯ ಮೇಲೆ ಕಂಪನಿ ತನ್ನ ಪಟ್ಟಣ ಕಟ್ಟಿತು. ಬ್ರಿಟಿಷ್ ವಾಸ್ತುಶಿಲ್ಪಿ ಜೇಮ್ಸ್ ಮಾಲಿಸನ್ ವಿಲ್ಸನ್ ಹಾಕಿದ ನಕ್ಷೆಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳ ತೋಟದ ಬಂಗಲೆಗಳು ಉತ್ತರಕ್ಕೆ, ಭಾರತ–ಪಾಕಿಸ್ತಾನದ ಗುಮಾಸ್ತರು ಮತ್ತು ಕುಶಲ ಕೆಲಸದವರು ನಡುವೆ, ಅರಬ್ ಕೂಲಿಗಳು ದಕ್ಷಿಣದ ‘ಅರಬ್ ವಿಲೇಜ್’ನಲ್ಲಿ. ದೇಶದ ಒಡೆಯರೇ ಕಟ್ಟಕಡೆಯ ಸಾಲಿನಲ್ಲಿದ್ದರು. ನಮ್ಮ ಕರಾವಳಿಯವರು ಮುಂಬೈ ದಾರಿಯಾಗಿ ಕೊಲ್ಲಿಯ ಎಣ್ಣೆ ಕಂಪನಿಗಳಿಗೆ ಬಂದು ಸೇರಿದ್ದು ಆ ನಡುವಿನ ಸಾಲಿಗೆ. ಆಗ ಇಲ್ಲಿ ನಡೆಯುತ್ತಿದ್ದದ್ದೂ ರೂಪಾಯಿಯೇ; ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿಗೆಂದೇ ಬೇರೆ ರೂಪಾಯಿ ಮುದ್ರಿಸಿತು, 1961ರಲ್ಲಿ ಸ್ವಾತಂತ್ರ್ಯದೊಡನೆ ದಿನಾರ್ ಬಂತು. ಸ್ವಾತಂತ್ರ್ಯ ಬಂದ ಮೇಲೆ ಕುವೈತಿಗಳು ಆ ನಕ್ಷೆಯನ್ನು ಹರಿದು ಬಿಸಾಡಲಿಲ್ಲ. ತಮ್ಮನ್ನು ತುದಿಯಿಂದ ತಲೆಗೆ ತಂದುಕೊಂಡು ಮಿಕ್ಕ ಸಾಲುಗಳನ್ನು ಬಹುಮಟ್ಟಿಗೆ ಇದ್ದಂತೆಯೇ ಬಿಟ್ಟರು. ಅವಮಾನ ಉಂಡವರು ಹಾಗೆ ಮಾಡಿದ್ದನ್ನು ಅರ್ಥ ಮಾಡಿಕೊಳ್ಳಬಹುದು. ಆದರೆ ಮನೆಯ ಯಜಮಾನ ಬದಲಾದ ಮಾತ್ರಕ್ಕೆ ಪಡಸಾಲೆ, ಹಿತ್ತಲು ಜಾಗ ಬದಲಿಸುವುದಿಲ್ಲವಲ್ಲ.

ಪಾಲಿಲ್ಲದ ವೈವಿಧ್ಯದಿಂದ ಕುವೈತಿಗೆ ಏನು ನಷ್ಟವಾಯಿತು ಎಂಬುದಕ್ಕೆ ಎರಡು ಉದಾಹರಣೆಗಳನ್ನು ಸ್ವಲ್ಪ ನಿಂತು ನೋಡೋಣ. 1990ರ ಆಗಸ್ಟ್ 2ರಂದು ಇರಾಕ್ ನುಗ್ಗುವ ಮುಂಚೆ ಕುವೈತಿನಲ್ಲಿ ಸುಮಾರು 4 ಲಕ್ಷ ಪ್ಯಾಲೆಸ್ತೀನಿಯರಿದ್ದರು. ಶಾಲೆ, ಸಚಿವಾಲಯ, ಬ್ಯಾಂಕು, ಎಂಜಿನಿಯರಿಂಗ್ ಇಲಾಖೆ ಎಲ್ಲೆಲ್ಲೂ ಅವರ ಕೈ ಇತ್ತು. ಅವರ ನಾಯಕ ಯಾಸೆರ್ ಅರಾಫತ್ ಕೂಡ ಒಂದು ಕಾಲಕ್ಕೆ ಇಲ್ಲಿನ ಲೋಕೋಪಯೋಗಿ ಇಲಾಖೆಯ ಎಂಜಿನಿಯರು. ಎರಡು ತಲೆಮಾರು ಇಲ್ಲೇ ಹುಟ್ಟಿ ಬೆಳೆದಿದ್ದರೂ ಪ್ಯಾಲೆಸ್ತೀನಿಯರದು ವರ್ಷ ವರ್ಷ ನವೀಕರಿಸುವ ಬದುಕು. ಅವರ ನಾಯಕತ್ವ ಇರಾಕಿನ ಸದ್ದಾಮನ ಕಡೆಗೆ ವಾಲಿತೆಂಬ ಕಾರಣಕ್ಕೆ 1991ರ ವಿಮೋಚನೆಯ ನಂತರ ಇಡೀ ಸಮುದಾಯವೇ ಶಂಕಿತವಾಯಿತು, ಹತ್ತಾರು ಸಾವಿರ ಜನರನ್ನು ಬಿಟ್ಟರೆ ಎಲ್ಲರೂ ಹೊರಗೆ. ಅವರ ಜೊತೆ ಮೂವತ್ತು ವರ್ಷಗಳ ಆಡಳಿತದ ನೆನಪೂ ಹೊರಟುಹೋಯಿತು. ಎರಡನೆಯದು ಸಖ್ರ್. ಮೊಹಮ್ಮದ್ ಅಲ್–ಶಾರೆಖ್ ಎಂಬ ಕುವೈತಿ ಉದ್ಯಮಿ 1982ರಲ್ಲಿ ಅಲ್–ಆಲಮಿಯಾ ಕಂಪನಿ ಕಟ್ಟಿ ಸಖ್ರ್ ಎಂಬ, ಅರಬಿ ಬಲ್ಲ ಕಂಪ್ಯೂಟರನ್ನು ಮನೆಮನೆಗೆ ತಂದರು. ಬಲದಿಂದ ಎಡಕ್ಕೆ ಬರೆಯುವ, ಪದದ ಮೊದಲಲ್ಲಿ ಒಂದು, ನಡುವೆ ಒಂದು, ಕೊನೆಗೆ ಇನ್ನೊಂದು ರೂಪ ತಾಳುವ ಅಕ್ಷರಗಳನ್ನು ಆ ಕಾಲದ ಪುಟ್ಟ ಯಂತ್ರಕ್ಕೆ ಕಲಿಸುವುದು ಎಷ್ಟು ಕಷ್ಟವೆಂದು ಕನ್ನಡದವರಿಗೆ ಬೇರೆ ಹೇಳಬೇಕಿಲ್ಲ. ನಮ್ಮ ಒತ್ತಕ್ಷರಗಳನ್ನು ಗಣಕಕ್ಕೆ ಒಗ್ಗಿಸಲು ಕಿನ್ನಿಕಂಬಳದ ಕೆ.ಪಿ. ರಾವ್ ಪಟ್ಟ ಪಾಡು ಅದೇ ಜಾತಿಯದು. ಸಖ್ರ್‌ನ ಸಂಶೋಧನೆಯ ಬೆನ್ನೆಲುಬಾಗಿದ್ದವರು ಈಜಿಪ್ಟಿನ ಭಾಷಾ ಗಣಕತಜ್ಞ ನಬೀಲ್ ಅಲಿ. ಹಣ ಮತ್ತು ಹಟ ಕುವೈತಿನದು, ವಿದ್ಯೆ ಬಹುಪಾಲು ನೈಲ್ ತೀರದ್ದು, ಯಂತ್ರ ಜಪಾನಿನದು. ಇದಕ್ಕಿಂತ ಒಳ್ಳೆಯ ಬೆರಕೆ ಇನ್ನೊಂದಿಲ್ಲ. ಆಕ್ರಮಣವಾದ ಮೇಲೆ ಕೆಲಸ ಕೈರೋಗೆ ಹೋಯಿತು. ಯುದ್ಧಕ್ಕೆ ಕುವೈತನ್ನು ದೂರುವಂತಿಲ್ಲ, ನಿಜ. ಆದರೂ ಯುದ್ಧ ಮುಗಿದ ಮೇಲೆ ಆ ವಿದ್ಯೆ ಮರಳಿ ಬಂದು ಇಲ್ಲಿ ಬೇರು ಬಿಡಲಿಲ್ಲ. ಬೇರು ಬಿಡಲು ಬೇಕಾದ ಮಣ್ಣನ್ನು, ಎಂದರೆ ಹೊರಗಿನವನು ಇಲ್ಲಿಯವನಾಗುವ ಒಂದು ದಾರಿಯನ್ನು, 1959ರ ಪೌರತ್ವ ಕಾನೂನು ಹೆಚ್ಚುಕಡಿಮೆ ಮುಚ್ಚಿಯೇ ಇಟ್ಟಿತ್ತು. ಹೊರಗಿನವರ ಮಾತು ಹಾಗಿರಲಿ, ತಲೆಮಾರುಗಳಿಂದ ಇದೇ ನೆಲದಲ್ಲಿರುವ ಸುಮಾರು ಲಕ್ಷ ಮಂದಿ ಬಿದೂನ್‌ಗಳಿಗೆ, ಎಂದರೆ ಪೌರತ್ವವಿಲ್ಲದವರಿಗೆ, ಇಂದಿಗೂ ಯಾವ ದೇಶದ ಮೂರು ಅಕ್ಷರವೂ ಇಲ್ಲ.

ಇಂದಿನ ಕಚೇರಿಗೆ ಬರೋಣ. ಇಲ್ಲಿ ‘ರೇಸ್’ ಎಂಬ ಪದವನ್ನು ಯಾರೂ ಬಳಸುವುದಿಲ್ಲ. ಬಳಸುವ ಪದ ‘ಜಿನ್ಸಿಯಾ’, ರಾಷ್ಟ್ರೀಯತೆ. ಕೆಲಸದ ಜಾಹೀರಾತಿನಲ್ಲಿ ಯಾವ ದೇಶದವರು ಬೇಕೆಂದು ಮುಚ್ಚುಮರೆಯಿಲ್ಲದೆ ಹಾಕುವ ರೂಢಿ ಕೊಲ್ಲಿಯುದ್ದಕ್ಕೂ ಇದೆ, ಕುವೈತಿನಲ್ಲೂ ಇದೆ. ಸಂಬಳವೂ ಹಾಗೆಯೇ. ಒಂದೇ ಸರ್ವರನ್ನು ಒಂದೇ ಪಾಳಿಯಲ್ಲಿ ನೋಡಿಕೊಳ್ಳುವ ಇಬ್ಬರಲ್ಲಿ ಒಬ್ಬನಿಗೆ ಲಂಡನ್ನಿನ ಸಂಬಳದ ಲೆಕ್ಕ, ಇನ್ನೊಬ್ಬನಿಗೆ ಕೊಚ್ಚಿಯ ಸಂಬಳದ ಲೆಕ್ಕ. ಇದನ್ನು ಸಮರ್ಥಿಸುವವರು ಹೇಳುವುದು: ಇದು ಜನಾಂಗಭೇದವಲ್ಲ, ಮಾರುಕಟ್ಟೆ. ಪ್ರತಿಯೊಬ್ಬನಿಗೂ ಅವನ ದೇಶ ಬಿಟ್ಟು ಬರಲು ಎಷ್ಟು ಬೇಕೋ ಅಷ್ಟು ಕೊಡುತ್ತೇವೆ. ಬೇಕಾದರೆ ನೋಡಿ, ಮಂಗಳೂರಿನಲ್ಲೇ ಹುಟ್ಟಿದವನು ಕೆನಡಾದ ಪಾಸ್‌ಪೋರ್ಟು ಹಿಡಿದು ಬಂದರೆ ಅವನಿಗೂ ಮೇಲಿನ ಸಂಬಳವೇ. ಚರ್ಮದ ಬಣ್ಣ ಯಾರು ನೋಡಿದರು? ವಾದ ಚುರುಕಾಗಿದೆ, ಆದರೆ ತನ್ನ ಬಲೆಗೆ ತಾನೇ ಬೀಳುತ್ತದೆ. ಅದೇ ಮನುಷ್ಯ, ಅದೇ ಪದವಿ, ಅದೇ ಅನುಭವ. ಬದಲಾದದ್ದು ಪುಸ್ತಕದ ರಟ್ಟಿನ ಬಣ್ಣ ಮಾತ್ರ. ಹಾಗಿದ್ದರೆ ಸಂಬಳ ಕೊಡುತ್ತಿದ್ದದ್ದು ಕೆಲಸಕ್ಕಲ್ಲ ಎಂದಾಯಿತಲ್ಲ! ಮತ್ತೆ, ಜಗತ್ತಿನ ಬಹುಪಾಲು ಜನರಿಗೆ ಪಾಸ್‌ಪೋರ್ಟು ಬರುವುದು ಚರ್ಮ ಬಂದ ದಾರಿಯಲ್ಲೇ, ತಂದೆತಾಯಿಯರಿಂದ. ಬದಲಿಸಿಕೊಂಡ ನಾಲ್ಕು ಜನರನ್ನು ತೋರಿಸಿ ಬದಲಿಸಲಾಗದ ನಾಲ್ಕು ಲಕ್ಷ ಜನರ ಹುಟ್ಟನ್ನು ಆಯ್ಕೆ ಎಂದು ಕರೆಯಲಾಗದು.

ಈ ಮೂರು ಅಕ್ಷರಗಳು ಹೇಗೆ ಕೆಲಸ ಮಾಡುತ್ತವೆಂದು ಹತ್ತಿರದಿಂದ ನೋಡಲು 2018ರ ಎಂಜಿನಿಯರ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ವರ್ಷದ ಮಾರ್ಚ್ ಸುಮಾರಿಗೆ, ಹುದ್ದೆಯ ಹೆಸರಿನಲ್ಲಿ ‘ಎಂಜಿನಿಯರ್’ ಎಂದಿರುವ ವಿದೇಶಿಯರ ಅಕಾಮಾ ನವೀಕರಣಕ್ಕೆ ಕುವೈತ್ ಎಂಜಿನಿಯರುಗಳ ಸಂಘದ ನಿರಾಕ್ಷೇಪಣಾ ಪತ್ರ ಕಡ್ಡಾಯವಾಯಿತು. ಭಾರತೀಯರ ಮಟ್ಟಿಗೆ ಸಂಘ ಒಪ್ಪುತ್ತಿದ್ದದ್ದು ಎನ್‌ಬಿಎ, ಎಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆ ಪಡೆದ ಕೋರ್ಸುಗಳನ್ನು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ಮಂಡಳಿ ಹುಟ್ಟಿದ್ದೇ 1994ರಲ್ಲಿ. ಬೆಂಗಳೂರಿನ ಯುವಿಸಿಇ 1917ರದು, ಮೈಸೂರಿನ ಎನ್‌ಐಇ 1946ರದು, ಹುಬ್ಬಳ್ಳಿಯ ಬಿವಿಬಿ 1947ರದು, ಮಣಿಪಾಲದ ಎಂಐಟಿ 1957ರದು, ಸುರತ್ಕಲ್ಲಿನ ಕೆಆರ್‌ಇಸಿ 1960ರದು. 1990ಕ್ಕೆ ಮುಂಚೆ ಇವುಗಳಲ್ಲಿ ಓದಿ ಬಂದವನಿಗೆ, ಮಂಡಳಿಯೇ ಇಲ್ಲದ ಕಾಲದ ಮಾನ್ಯತೆಯನ್ನು ತಾ ಎಂದರೆ ಎಲ್ಲಿಂದ ತರುವುದು? ಇನ್ನೂ ಒಂದು ಸೂಕ್ಷ್ಮವಿದೆ. ಎನ್‌ಬಿಎ ಮಾನ್ಯತೆ ಕೊಡುವುದು ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ, ಅದೂ ಇಂತಿಷ್ಟು ವರ್ಷಗಳಿಗೆ. ಒಂದೇ ಕಾಲೇಜಿನ ಒಂದೇ ವರ್ಷದ ಸಿವಿಲ್‌ನವನು ಪಟ್ಟಿಯ ಒಳಗೆ, ಕಂಪ್ಯೂಟರ್ ಸೈನ್ಸಿನವನು ಹೊರಗೆ ಆಗಬಹುದು. ಎನ್‌ಬಿಎ ಗೊಡವೆಗೇ ಹೋಗದ ಐಐಟಿಗಳ ಪದವೀಧರರೂ ಇಕ್ಕಟ್ಟಿಗೆ ಸಿಕ್ಕರು. ಇಪ್ಪತ್ತು ವರ್ಷ ಪಂಪು, ಪೈಪು, ರಿಫೈನರಿಯ ನಿಯಂತ್ರಣ ವ್ಯವಸ್ಥೆಗಳನ್ನು ನಡೆಸಿದವರು ಕಂಪನಿಯ ಸರಕಾರಿ ಕಾಗದ ನೋಡಿಕೊಳ್ಳುವ ಮಂದೂಬನ ಮೇಜಿನ ಮುಂದೆ ಕೂತು, ಕಾಗದದ ಮೇಲೆ ‘ಎಂಜಿನಿಯರ್’ ಅಳಿಸಿ ‘ಟೆಕ್ನಿಷಿಯನ್’, ‘ಸೂಪರ್‌ವೈಸರ್’ ಎಂದು ಬರೆಸಿಕೊಂಡರು. ಕೆಲಸ ಅದೇ, ಜವಾಬ್ದಾರಿ ಅದೇ, ಹೆಸರು ಮಾತ್ರ ಒಂದು ಮೆಟ್ಟಿಲು ಕೆಳಗೆ. ಕುವೈತಿಗೆ ಇದರಿಂದ ಒಬ್ಬನೇ ಒಬ್ಬ ಉತ್ತಮ ಎಂಜಿನಿಯರ್ ಹೆಚ್ಚಾಗಿ ಸಿಕ್ಕಿದನೇ? ಸಿಕ್ಕಿದ್ದು ಹೆಸರು ಬದಲಿಸಿಕೊಂಡ ಅದೇ ಎಂಜಿನಿಯರ್.

ನಕಲಿ ಪದವಿಗಳ ಹಾವಳಿಯಿತ್ತು, ಪರೀಕ್ಷೆ ಬೇಡವೇ ಎಂದು ಕೇಳಬಹುದು. ಹಾವಳಿ ಇದ್ದದ್ದು ನಿಜ. ಅದೇ 2018ರಲ್ಲಿ ಕುವೈತಿನಲ್ಲಿ ನಕಲಿ ಪದವಿಗಳ ದೊಡ್ಡ ಹಗರಣವೇ ಹೊರಬಿತ್ತು. ನಕಲಿ ಪ್ರಮಾಣಪತ್ರ ಹಿಡಿದವನು ಸೇತುವೆಯ ಲೆಕ್ಕ ಹಾಕುವುದನ್ನು ಯಾರೂ ಬಯಸುವುದಿಲ್ಲ. ಆದರೆ ನಕಲಿಯನ್ನು ಹಿಡಿಯಲು ಮಾಡಬೇಕಾದದ್ದು ಆಯಾ ವಿಶ್ವವಿದ್ಯಾಲಯಕ್ಕೆ ಬರೆದು ಆಯಾ ಪ್ರಮಾಣಪತ್ರವನ್ನು ತಾಳೆ ನೋಡುವ ಕೆಲಸ. ಪಟ್ಟಿ ಹಿಡಿದು ಕೂತರೆ ಪಟ್ಟಿಯಲ್ಲಿರುವ ಕಾಲೇಜಿನ ನಕಲಿ ಪ್ರಮಾಣಪತ್ರ ಒಳಗೆ ಬರುತ್ತದೆ, ಪಟ್ಟಿಗಿಂತ ಹಳೆಯ ಅಸಲಿ ಹೊರಗೆ ಉಳಿಯುತ್ತದೆ. ಮತ್ತೊಂದು ಮಾತು: ನಿಯಮ ಬಂದದ್ದು ಹೊಸದಾಗಿ ಬರುವವರಿಗಷ್ಟೇ ಅಲ್ಲ, ಆಗಲೇ ಇಲ್ಲಿ ದಶಕಗಳು ದುಡಿದವರಿಗೂ. ಇಪ್ಪತ್ತು ವರ್ಷ ಕಣ್ಣ ಮುಂದೆ ಕೆಲಸ ಮಾಡಿದವನ ಅರ್ಹತೆಯನ್ನು ಅಳೆಯಲು ಅವನ ಕೆಲಸಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದಿದೆ?

ಈಗ ಕುವೈತೀಕರಣ. ನಾಗರಿಕ ಸೇವಾ ಆಯೋಗ 2017ರಲ್ಲಿ ಹೊರಡಿಸಿದ 11ನೇ ಸಂಖ್ಯೆಯ ನಿರ್ಧಾರ, ಐದು ವರ್ಷಗಳಲ್ಲಿ ಸರಕಾರಿ ಹುದ್ದೆಗಳಿಗೆ ಕುವೈತಿಗಳನ್ನೇ ತರಬೇಕೆಂದು ಗುಂಪುಗುಂಪಾಗಿ ಗುರಿ ಹಾಕಿತು. ಮಾಹಿತಿ ತಂತ್ರಜ್ಞಾನದ ಗುಂಪಿಗೆ ಇಟ್ಟ ಗುರಿ ನೂರಕ್ಕೆ ನೂರು. 2020ರಲ್ಲಿ ಪ್ರಧಾನಿ ಶೇಖ್ ಸಬಾ ಅಲ್–ಖಾಲಿದ್ ವಿದೇಶಿಯರ ಪಾಲು ನೂರಕ್ಕೆ 70ರಿಂದ 30ಕ್ಕೆ ಇಳಿಯಬೇಕೆಂದರು. ಅದೇ ವರ್ಷ ಚರ್ಚೆಗೆ ಬಂದ ಒಂದು ಮಸೂದೆ, ಭಾರತೀಯರ ಸಂಖ್ಯೆ ಕುವೈತಿಗಳ ಸಂಖ್ಯೆಯ ನೂರಕ್ಕೆ 15 ಮೀರಬಾರದೆಂದಿತ್ತು. ಅದು ಹಾಗೆಯೇ ಜಾರಿಯಾಗಿದ್ದರೆ ಸುಮಾರು 8 ಲಕ್ಷ ಭಾರತೀಯರು ಗಂಟುಮೂಟೆ ಕಟ್ಟಬೇಕಿತ್ತು. ಆ ದಿನಗಳಲ್ಲಿ ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದ ಸಿಟ್ಟು ಸಣ್ಣದಲ್ಲ. ಆದರೆ ಕನ್ನಡಿಗನಿಗೆ ಈ ಸಿಟ್ಟು ಅಷ್ಟು ಸಲೀಸಾಗಿ ಸಲ್ಲುವುದಿಲ್ಲ. ಕನ್ನಡಿಗರ ಉದ್ಯೋಗದ ಬಗ್ಗೆ 1986ರಲ್ಲಿ ಅಂತಿಮ ವರದಿ ಕೊಟ್ಟ ಸರೋಜಿನಿ ಮಹಿಷಿ ಸಮಿತಿಯ 58 ಶಿಫಾರಸುಗಳನ್ನು ಜಾರಿ ಮಾಡಿ ಎಂದು ನಾಲ್ಕು ದಶಕಗಳಿಂದ ಬೀದಿಗಿಳಿದವರು ನಾವು. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟು, ಐಟಿ ಉದ್ಯಮ ಹುಯಿಲೆಬ್ಬಿಸಿದ ಒಂದೆರಡು ದಿನಗಳಲ್ಲೇ ಮಡಚಿಟ್ಟಾಗ ಮರುಗಿದವರೂ ನಾವೇ. ಬೆಂಗಳೂರಿನ ಕೋರಮಂಗಲದಲ್ಲಿ ಮಹಿಷಿ, ಕುವೈತಿನ ಸಾಲ್ಮಿಯಾದಲ್ಲಿ ಮುಕ್ತ ಮಾರುಕಟ್ಟೆ ಎಂದರೆ ಕೇಳಿದವರು ನಗುತ್ತಾರೆ. ತನ್ನ ದೇಶದ ಕೆಲಸದಲ್ಲಿ ತನ್ನ ಪ್ರಜೆಗೆ ಮೊದಲ ಕರೆ ಕೊಡುವ ಹಕ್ಕು ಕುವೈತಿಗೆ ಇದೆ. ಕುವೈತಿನ ಸಂವಿಧಾನದ 41ನೇ ವಿಧಿ ಕುವೈತಿಗೆ ಉದ್ಯೋಗದ ಹಕ್ಕನ್ನೇ ಕೊಟ್ಟಿದೆ. ಅದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಒಪ್ಪದೇ ಇರುವುದು ಅದರ ನೆರಳಿನಲ್ಲಿ ನುಸುಳುವ ಇನ್ನೊಂದು ಸಂಗತಿಯನ್ನು. ಪ್ರಜೆಗೂ ಪರದೇಶಿಗೂ ನಡುವೆ ಗೆರೆ ಎಳೆಯುವುದು ಒಂದು. ಪರದೇಶಿಗಳೊಳಗೇ ಪಾಸ್‌ಪೋರ್ಟು ನೋಡಿ ಮೇಲು ಕೀಳು ಮಾಡುವುದು ಬೇರೊಂದು. ಮೊದಲನೆಯದರಿಂದ ಕುವೈತಿ ಯುವಕನಿಗೆ ಕೆಲಸ ಸಿಗುತ್ತದೆ. ಎರಡನೆಯದರಿಂದ ಯಾವ ಕುವೈತಿಗೂ ಒಂದು ಫಿಲ್ಸಿನ ಲಾಭವಿಲ್ಲ, ಸಂಬಳ ಉಳಿಸಿದ ಕಂಪನಿಯ ಮಾಲೀಕನನ್ನು ಬಿಟ್ಟರೆ. ಈ ಭೇದದ ವಿರುದ್ಧ ಕಾನೂನಿನಲ್ಲಿ ಆಸರೆ ಹುಡುಕಿದರೆ ನಿರಾಸೆಯೇ. 1962ರ ಸಂವಿಧಾನದ 29ನೇ ವಿಧಿ ಜನಾಂಗ, ಮೂಲ, ಭಾಷೆ, ಧರ್ಮದ ಹೆಸರಿನಲ್ಲಿ ಭೇದ ಕೂಡದೆನ್ನುತ್ತದೆ. ರಾಷ್ಟ್ರೀಯತೆ ಆ ಪಟ್ಟಿಯಲ್ಲಿಲ್ಲ. ಜನಾಂಗಭೇದ ನಿರ್ಮೂಲನದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಕುವೈತೂ ಭಾರತವೂ 1968ರಲ್ಲೇ ಸೇರಿದವು. ಆದರೆ ಕತಾರ್ ಮತ್ತು ಎಮಿರೇಟ್ಸ್ ನಡುವಿನ ವ್ಯಾಜ್ಯದಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಈಗಿನ ರಾಷ್ಟ್ರೀಯತೆಯ ಮೇಲೆ ಮಾಡುವ ಭೇದ ಆ ಒಡಂಬಡಿಕೆಯ ವ್ಯಾಪ್ತಿಗೆ ಬರುವುದಿಲ್ಲ. ನನ್ನ ವಾದಕ್ಕೆ ವಿರುದ್ಧವಾದ ತೀರ್ಪೆಂದು ಅದನ್ನು ಮುಚ್ಚಿಡಬೇಕಿಲ್ಲ. ಕಾನೂನಿನ ಪದಕೋಶಕ್ಕೆ ಸಿಗದ ಅನ್ಯಾಯಗಳು ಎಷ್ಟೋ ಇವೆ. ಅಮೆರಿಕದಲ್ಲಿ ಜಾತಿಭೇದ ಎಂಬುದಕ್ಕೆ ಒಂದು ನಗರದ ಕಾನೂನಿನಲ್ಲಿ ಹೆಸರು ಸಿಗಲು 2023ರ ಸಿಯಾಟಲ್‌ವರೆಗೆ ಕಾಯಬೇಕಾಯಿತು. ಅಲ್ಲಿಯ ಗ್ರೀನ್ ಕಾರ್ಡ್ ಸಾಲು ಕೂಡ ಹುಟ್ಟಿದ ದೇಶವನ್ನೇ ನೋಡುತ್ತದೆ. ಯಾವ ದೇಶಕ್ಕೂ ನೂರಕ್ಕೆ 7ಕ್ಕಿಂತ ಹೆಚ್ಚಿಲ್ಲ ಎಂಬ ನಿಯಮದಿಂದ ಭಾರತೀಯ ತಂತ್ರಜ್ಞರು ದಶಕಗಟ್ಟಲೆ ನಿಂತಿದ್ದಾರೆ. ಕುವೈತ್ ಒಂದೇ ಪಾಪಿಯಲ್ಲ. ಆದರೆ ಅಲ್ಲಿ ಸಾಲಾದರೂ ಇದೆ.

ಒಪ್ಪಿಕೊಂಡೇ ಬಂದಿರಲ್ಲ ಎಂಬ ಮಾತು ಉಳಿಯಿತು. ಬಲವಂತ ಯಾರೂ ಮಾಡಲಿಲ್ಲ, ಬೇಡದಿದ್ದರೆ ವಿಮಾನ ಇದೆ. ಈ ಮಾತನ್ನು ನಮ್ಮವರೇ ನಮ್ಮವರಿಗೆ ಹೆಚ್ಚಾಗಿ ಹೇಳುತ್ತಾರೆ. ಬಂದ ದಿನದ ಒಪ್ಪಿಗೆ ಬಂದ ದಿನದ ನಿಯಮಗಳಿಗೆ. ಆಮೇಲೆ ಆಟದ ನಡುವೆ ನಿಯಮ ಬದಲಾದರೆ? 2018ರ ಎನ್‌ಬಿಎ ನಿಯಮ ಹಾಗೆ ಬಂತು. ಅರವತ್ತು ದಾಟಿದ, ಪದವಿಯಿಲ್ಲದವರ ಅಕಾಮಾ ನವೀಕರಿಸುವುದಿಲ್ಲವೆಂಬ ನಿಯಮ 2021ರ ಆರಂಭದಲ್ಲಿ ಬಂತು, ಅದಕ್ಕೆ ಕಾನೂನಿನ ಬಲವಿಲ್ಲವೆಂದು ಸರಕಾರದ ಕಾನೂನು ಇಲಾಖೆಯೇ ಹೇಳಿದ ಮೇಲೆ 2022ರಲ್ಲಿ 250 ದಿನಾರ್ ಶುಲ್ಕ ಮತ್ತು ವಿಮೆಯಾಗಿ ಮಾರ್ಪಟ್ಟಿತು. ನಿಂತುಹೋಗಿದ್ದ ಕುಟುಂಬ ವೀಸಾ 2024ರ ಜನವರಿಯಲ್ಲಿ ಮತ್ತೆ ತೆರೆದಾಗ ಸಂಬಳದ ಮಿತಿ 800 ದಿನಾರಿಗೆ ಏರಿತ್ತು. ನಮ್ಮ ಲೆಕ್ಕದಲ್ಲಿ ತಿಂಗಳಿಗೆ ಎರಡು ಲಕ್ಷ ರೂಪಾಯಿಗೂ ಮೇಲೆ. 750 ದಿನಾರಿನ ಪ್ರೋಗ್ರಾಮರ್ ಹೆಂಡತಿ ಮಕ್ಕಳನ್ನು ಪುತ್ತೂರಿನಲ್ಲಿ ಬಿಟ್ಟು ಅಬ್ಬಾಸಿಯಾದಲ್ಲಿ ‘ಬ್ಯಾಚುಲರ್’ ಆಗಿ ಇರಬೇಕು. 2025ರ ಜುಲೈ 1ರಿಂದ ಆರ್ಟಿಕಲ್ 18ರ ವಿದೇಶಿ ನೌಕರ ದೇಶ ಬಿಟ್ಟು ಹೊರಡಲು ಮಾಲೀಕನ ಎಕ್ಸಿಟ್ ಪರ್ಮಿಟ್ ಬೇಕು. ಕೋರುವುದು ಸಹೆಲ್ ಎಂಬ ಸರಕಾರಿ ಆ್ಯಪ್‌ನಲ್ಲಿ: ಹೊರಡುವ ದಿನ, ಮರಳುವ ದಿನ ಹಾಕಿ ಒತ್ತಬೇಕು, ಆ ಕಡೆಯಿಂದ ಕಂಪನಿ ‘ಆಗಲಿ’ ಎನ್ನಬೇಕು. ಊರಲ್ಲಿ ತಾಯಿ ಐಸಿಯುನಲ್ಲಿದ್ದರೂ ಒತ್ತಿ ಕಾಯಬೇಕು. ಬೇಡದಿದ್ದರೆ ವಿಮಾನ ಇದೆ ಎಂಬ ವಾದಕ್ಕೆ ವಿಮಾನ ಹತ್ತಲೂ ಅಪ್ಪಣೆ ಬೇಕೆಂಬುದನ್ನು ಸೇರಿಸಿಕೊಳ್ಳಬೇಕಾಗಿದೆ. ಕೆಲಸ ಬದಲಿಸುವ ವಿಷಯದಲ್ಲಿ ಕುವೈತ್ 2016ರಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿತು. ಮೂರು ವರ್ಷ ಮುಗಿಸಿದವರು ಮಾಲೀಕನ ಒಪ್ಪಿಗೆಯಿಲ್ಲದೆ ಬೇರೆ ಕಂಪನಿಗೆ ಹೋಗಬಹುದಾಯಿತು. ‘ರಿಲೀಸ್’ ಎಂಬ ಒಂದು ಪದಕ್ಕಾಗಿ ಕಫೀಲನ, ಎಂದರೆ ಪ್ರಾಯೋಜಕ ಮಾಲೀಕನ, ಬಾಗಿಲಲ್ಲಿ ನಿಂತವರಿಗೆ ಅದರ ಬೆಲೆ ಗೊತ್ತು. ಆದರೆ ತಂತ್ರಜ್ಞಾನದಲ್ಲಿ ಮೂರು ವರ್ಷವೆಂದರೆ ಒಂದು ತಲೆಮಾರು. ಕಲಿತದ್ದು ಹಳತಾಗುವ ತನಕ ಕಟ್ಟಿಹಾಕಿ ಆಮೇಲೆ ಬಿಟ್ಟಂತೆ.

ನಮ್ಮ ಕೈಗಳೂ ಸ್ವಚ್ಛವಾಗಿಲ್ಲ. ಹುದ್ದೆ ಖಾಲಿಯಾದರೆ ಸುದ್ದಿ ಮೊದಲು ಹೋಗುವುದು ‘ನಮ್ಮವರಿಗೆ’. ಆ ನಮ್ಮವರು ಎಂದರೆ ಕೇರಳದ ಒಂದು ಜಿಲ್ಲೆ, ಮಂಗಳೂರಿನ ಒಂದು ಚರ್ಚು, ಭಟ್ಕಳದ ಒಂದು ಬೀದಿ, ಬಂಟರ ಒಂದು ಬಳಗ. ಅದರಿಂದ ಎಷ್ಟೋ ಬಡ ಹುಡುಗರ ಬದುಕು ಹಸನಾಗಿದೆ, ಅಲ್ಲಗಳೆಯುವಂತಿಲ್ಲ. ಆದರೆ ಅದೇ ಸುದ್ದಿ ಕಲಬುರಗಿಯ ಹುಡುಗನಿಗೆ ತಲುಪುವುದಿಲ್ಲ, ಬಾಂಗ್ಲಾದ ಡಿಪ್ಲೊಮಾದವನಿಗೆ, ಇಥಿಯೋಪಿಯಾದವಳಿಗೆ ಅಂತೂ ತಲುಪುವುದೇ ಇಲ್ಲ. ಅವರ ಬಗ್ಗೆ ನಮ್ಮ ಊಟದ ಮೇಜಿನಲ್ಲಿ ಬರುವ ಮಾತುಗಳನ್ನು ಇಲ್ಲಿ ಅಚ್ಚು ಹಾಕಲಾಗದು. ಅಹಮದಿಯ ನಡುವಿನ ಸಾಲಿನಲ್ಲಿ ಕೂತವನ ಕಣ್ಣು ಸದಾ ಉತ್ತರದ ಬಂಗಲೆಯ ಕಡೆಗೇ, ದಕ್ಷಿಣದ ಕಡೆಗಲ್ಲ.

ಇದರಿಂದ ಕುವೈತಿಗೇನು ಎಂಬ ಪ್ರಶ್ನೆಗೆ ಮತ್ತೆ ಬರಬೇಕು, ಏಕೆಂದರೆ ದಯೆಯ ಮೇಲೆ ನಿಂತ ವಾದ ಬಹಳ ದಿನ ನಿಲ್ಲುವುದಿಲ್ಲ. ಸಹೆಲ್ ಆ್ಯಪ್ 2021ರ ಸೆಪ್ಟೆಂಬರಿನಲ್ಲಿ ಬಂದಾಗ ಅರಬಿಯಲ್ಲಷ್ಟೇ ಇತ್ತು, ಇಂಗ್ಲಿಷ್ ಬರಲು ವರ್ಷಗಳೇ ಹಿಡಿದವು. ಕೆಲಸದ ಪರವಾನಗಿಯಿಂದ ಟ್ರಾಫಿಕ್ ದಂಡದವರೆಗೆ ಎಲ್ಲವನ್ನೂ ಒಳಗೊಂಡ ಆ್ಯಪನ್ನು ದೇಶದ ದೊಡ್ಡ ಭಾಗ ಸ್ನೇಹಿತರ ಕೈಲೋ ಅನುವಾದದ ಕ್ಯಾಮೆರಾದಲ್ಲೋ ಓದಿಸಿಕೊಂಡಿತು. ಅರಬಿ ಇಲ್ಲಿನ ರಾಜಭಾಷೆ, ಅದು ಮೊದಲಿರಬೇಕಾದದ್ದು ಸರಿಯೇ. ಕನ್ನಡಕ್ಕೆ ಅದೇ ಸ್ಥಾನ ಕೇಳುವ ನಾವು ಅದನ್ನು ಪ್ರಶ್ನಿಸಲಾರೆವು. ನಾನು ತೋರಿಸಲು ಹೊರಟದ್ದು ಬೇರೆ: ಇಷ್ಟು ಭಾಷೆಗಳ ತಂತ್ರಜ್ಞರು ತುಂಬಿರುವ ಊರಿನಲ್ಲಿ ಎರಡನೆಯ ಭಾಷೆಯ ಗುಂಡಿ ಒಂದನ್ನು ಮೊದಲ ದಿನವೇ ಇಡಿ ಎಂದು ಹೇಳುವ ಬಲ ಯಾರಿಗಿತ್ತು? ವಿನ್ಯಾಸದ ಸಭೆಯಲ್ಲಿ ಬಾಯಿ ಬಿಡುವುದಕ್ಕೂ ಅಕಾಮಾ ನವೀಕರಣಕ್ಕೂ ಇರುವ ಸಂಬಂಧ ಅನುಭವಸ್ಥರಿಗೆ ತಿಳಿದದ್ದೇ. ಬ್ಯಾಂಕು, ಟೆಲಿಕಾಂಗಳಲ್ಲಿ ಕುವೈತಿಗಳ ಪಾಲು ಅರ್ಧಕ್ಕಿಂತ ಹೆಚ್ಚಿರಬೇಕೆಂಬ ನಿಯಮವಿದೆ; ಕಂಪನಿಯ ಪಟ್ಟಿಯಲ್ಲಿ ಆ ಪಾಲು ತುಂಬುತ್ತದೆ, ಕೋಡ್ ಬರೆಯುವ ಕೆಲಸ ಪಟ್ಟಿಯ ಹೊರಗಿನ ಗುತ್ತಿಗೆದಾರನ ಮೂಲಕ ನಡೆಯುತ್ತದೆ. ಹೀಗೆ ಕುವೈತಿ ಯುವಕನಿಗೆ ಕುರ್ಚಿ ಸಿಗುತ್ತದೆ, ಕಸುಬು ಸಿಗುವುದಿಲ್ಲ. ಕಸುಬು ಕಲಿಸಬಲ್ಲವನು ಪಕ್ಕದಲ್ಲೇ ಇದ್ದಾನೆ, ಆದರೆ ಕಲಿಸಿ ಮುಗಿಸಿದ ದಿನ ತನ್ನ ಅಕಾಮಾ ಮುಗಿಯುತ್ತದೆಂದು ಗೊತ್ತಿರುವವನು ಮನಸಾರೆ ಕಲಿಸುವನೇ? ಹತ್ತು ವರ್ಷ ದುಡಿದವನಿಗೆ ಕಂಪನಿಯ ಹಂಗಿಲ್ಲದ ಐದು ವರ್ಷಗಳ ವಾಸದ ಕಾಗದ ಕೊಟ್ಟು ನೋಡಲಿ, ಅವನೇ ಎಷ್ಟು ಕುವೈತಿಗಳನ್ನು ತಯಾರು ಮಾಡುತ್ತಾನೆಂದು ಆಮೇಲೆ ಎಣಿಸಬಹುದು. ಎಣಿಸಲು ಬೇಕಾದ ಮಾಹಿತಿಗೆ ಕೊರತೆಯಿಲ್ಲ. ಯಾರು, ಯಾವ ದೇಶ, ಯಾವ ಹುದ್ದೆ ಎಂಬುದೆಲ್ಲ ಹನ್ನೆರಡು ಅಂಕಿಗಳ ಹಿಂದೆ ಸರಕಾರದ ಬಳಿಯೇ ಇದೆ. ಹುದ್ದೆವಾರು, ರಾಷ್ಟ್ರೀಯತೆವಾರು ಸಂಬಳವನ್ನು ವರ್ಷಕ್ಕೊಮ್ಮೆ ಪ್ರಕಟಿಸಲು ಒಬ್ಬ ಡೇಟಾಬೇಸ್ ನೌಕರ ಸಾಕು.

ಇನ್ನು ಇಲ್ಲೇ ಹುಟ್ಟಿದ ಮಕ್ಕಳು. ಅವರ ಸಿವಿಲ್ ಐಡಿ 3ರಿಂದ ಶುರುವಾಗುತ್ತದೆ. ಸಾಲ್ಮಿಯಾದ, ಮಂಗಫ್‌ನ ಭಾರತೀಯ ಶಾಲೆಗಳಲ್ಲಿ ಸಿಬಿಎಸ್‌ಇ ಓದಿ, ಬಾಕಾಲಾ ಎಂಬ ಕಿರಾಣಿ ಅಂಗಡಿಯಲ್ಲಿ ಅರಬಿಯಲ್ಲಿ ಚೌಕಾಸಿ ಮಾಡಿ, ಶುಕ್ರವಾರ ಕನ್ನಡ ಕೂಟದ ನಾಟಕದಲ್ಲಿ ಪಾತ್ರ ಹಾಕಿ ಬೆಳೆಯುತ್ತಾರೆ. ಹದಿನೆಂಟಕ್ಕೆ ಎಂಜಿನಿಯರಿಂಗ್‌ಗೆಂದು ಮಣಿಪಾಲಕ್ಕೋ ನಿಟ್ಟೆಗೋ ಹೊರಡುವಾಗ ಅಪ್ಪ ಕಾಲೇಜಿನ ಹೆಸರಿನ ಜೊತೆ ಆ ಕೋರ್ಸಿನ ಎನ್‌ಬಿಎ ವರ್ಷವನ್ನೂ ಪಟ್ಟಿಯಲ್ಲಿ ಹುಡುಕುತ್ತಾನೆ, 2018 ಇನ್ನೂ ಮರೆತಿಲ್ಲ. ನಾಲ್ಕು ವರ್ಷ ಕಳೆದು ಅಂಥ ಒಬ್ಬ ಹುಡುಗಿ ಕಂಪ್ಯೂಟರ್ ಸೈನ್ಸ್ ಪದವಿ ಹಿಡಿದು ಹುಟ್ಟಿದ ಊರಿಗೆ ಮರಳಬೇಕಾದರೆ ಹೊಸ ಕಫೀಲ್, ಹೊಸ ವರ್ಕ್ ವೀಸಾ, ಹೊಸ ವೈದ್ಯಕೀಯ ತಪಾಸಣೆ, ಪದವಿಗೆ ಮತ್ತೆ ಮುದ್ರೆ. ಸಂಬಳದ ಮಾತು ಬಂದಾಗ ಎಚ್‌ಆರ್‌ನವನು ಕೇಳುವ ಮೊದಲ ಪ್ರಶ್ನೆ ಅವಳ ಅಂಕಗಳ ಬಗ್ಗೆ ಇರುವುದಿಲ್ಲ, ಅವಳ ಅರಬಿಯ ಬಗ್ಗೆಯೂ ಇರುವುದಿಲ್ಲ. ಬೆರಳಚ್ಚು ಕೊಟ್ಟು ಮುಗಿದ ಮೇಲೆ ಕೈಗೆ ಬರುವ ಕಾರ್ಡಿನಲ್ಲಿ ಹನ್ನೆರಡು ಅಂಕಿಗಳು ಮಾತ್ರ ಅವೇ ಹಳೆಯವು, ಹುಟ್ಟಿದಾಗ ಕೊಟ್ಟವು.